ಮತ್ತೆ ಕೇಳುವುದಾದರೆ ಯಾವ ಡೈರ್ ಸ್ಟ್ರೇಟ್ಸ್ ಆಲ್ಬಮ್? ನನ್ನ ಓಟು ‘ಆನ್ ಎವ್ರಿ ಸ್ಟ್ರೀಟ್’ಗೆ

ಬ್ರಿಟನ್ನಿನ ರಾಕ್ ಬ್ಯಾಂಡ್ ಡೈರ್ ಸ್ಟ್ರೇಟ್ಸ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರ ಕಿವಿಯಲ್ಲಿ ಶುರುವಾಗುವುದು ಎರಡೇ ಹಾಡು. ‘ಸುಲ್ತಾನ್ಸ್ ಆಫ್ ಸ್ವಿಂಗ್’, ಆಮೇಲೆ ‘ಮನಿ ಫಾರ್ ನಥಿಂಗ್’. ಬೆಂಗಳೂರಿನ ಬ್ರಿಗೇಡ್ ರೋಡ್ ಸುತ್ತಮುತ್ತಲಿನ ಹಳೇ ಪಬ್ಬುಗಳಲ್ಲಿ, ಇಂಜಿನಿಯರಿಂಗ್ ಕಾಲೇಜುಗಳ ಫೆಸ್ಟ್‌ಗಳಲ್ಲಿ, ಹಾಸ್ಟೆಲ್ ರೂಮುಗಳಲ್ಲಿ ಇವನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಗಿಟಾರ್ ಕೈಗೆ ಬಂದ ಆರು ತಿಂಗಳಿಗೇ ‘ಸುಲ್ತಾನ್ಸ್’ನ ಆ ಕೊನೆಯ ಓಟ ಕಲಿಯಲು ಹೊರಟು ಬೆರಳು ನೋಯಿಸಿಕೊಂಡವರು ನಮ್ಮ ಬ್ಯಾಚಿನಲ್ಲೇ ನಾಲ್ಕೈದು ಜನ ಇದ್ದರು.

ಹೋದ ತಿಂಗಳು ಆ ನಾಲ್ಕೈದು ಜನರಲ್ಲಿ ಒಬ್ಬ ಫೋನ್ ಮಾಡಿದ್ದ. "ಮಗಳಿಗೆ ಒಳ್ಳೇ ಹೆಡ್‌ಫೋನ್ ಕೊಡಿಸಿದೆ, ಅವಳು ಮಲಗಿದ ಮೇಲೆ ನಾನೇ ಹಾಕ್ಕೊಂಡು ಕೂರ್ತೀನಿ. ಡೈರ್ ಸ್ಟ್ರೇಟ್ಸ್ ಕೇಳಿ ಇಪ್ಪತ್ತು ವರ್ಷ ಆಯ್ತು ಕಣೋ, ಯಾವ ಆಲ್ಬಮ್ ಹಾಕಲಿ?" ಅಂದ. ನಾನು ‘ಬ್ರದರ್ಸ್ ಇನ್ ಆರ್ಮ್ಸ್’ ಅನ್ನುತ್ತೇನೆ ಅಂತ ಕಾದಿದ್ದ. ನಾನು ಹೇಳಿದ್ದು 1991ರ ‘ಆನ್ ಎವ್ರಿ ಸ್ಟ್ರೀಟ್’. "ಅದು ಓಡಲಿಲ್ಲ ಅಲ್ವಾ?" ಅಂದ.

ಓಡಲಿಲ್ಲ ಅನ್ನುವುದು ತಪ್ಪು. ಬ್ರಿಟನ್‌ನಲ್ಲಿ ಅದು ಮೊದಲ ಸ್ಥಾನಕ್ಕೇ ಹೋಯಿತು, ಅಮೆರಿಕದಲ್ಲಿ 12ನೇ ಸ್ಥಾನ. ಆದರೆ ಕೊಂಡವರು ತುಂಬಾ ಜನ ಹಿಂದಿನ ಆಲ್ಬಮ್ಮಿನ ಗುಂಗಿನಲ್ಲಿ ಕೊಂಡರು, ಎರಡು ಸಲ ಕೇಳಿದರು, ಕಪಾಟಿಗೆ ಸೇರಿಸಿದರು. ನಾನೂ ಹಾಗೇ ಮಾಡಿದವನು. ಅದಕ್ಕೇ ಅವನಿಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಇದನ್ನು ಬೇರೆ ಯಾವ ಆಲ್ಬಮ್ಮಿನ ಬದಲಿಗೆ ಹಾಕಬಹುದು, ಯಾವಾಗ ಹಾಕಬಾರದು, ಸೀಡಿಯೋ ಎಲ್‌ಪಿಯೋ (ಗ್ರಾಮಫೋನ್ ತಟ್ಟೆ) ಮೊಬೈಲೋ, ಎಲ್ಲಿಂದ ಶುರು ಮಾಡಬೇಕು, ಇಷ್ಟು.

ಆರು ವರ್ಷ ಕಾಯಿಸಿದ ಆಲ್ಬಮ್

ಬ್ಯಾಂಡ್ ಮಾಡಿದ್ದು ಒಟ್ಟು ಆರೇ ಸ್ಟುಡಿಯೋ ಆಲ್ಬಮ್. ಮೊದಲನೆಯದು 1978ರಲ್ಲಿ ಬಂತು. ಐದನೆಯದು 1985ರ ಮೇ ತಿಂಗಳಲ್ಲಿ ಬಂದ ‘ಬ್ರದರ್ಸ್ ಇನ್ ಆರ್ಮ್ಸ್’. ಅದು ಎಂಥ ಹೊಡೆತ ಹೊಡೆಯಿತೆಂದರೆ, ಆಗಷ್ಟೇ ಮಾರುಕಟ್ಟೆಗೆ ಬರುತ್ತಿದ್ದ ಸೀಡಿ ಅನ್ನುವ ವಸ್ತುವನ್ನು ಜನರ ಮನೆಗೆ ತಂದಿದ್ದರಲ್ಲಿ ಆ ಆಲ್ಬಮ್ಮಿನದೇ ದೊಡ್ಡ ಪಾಲು. ಸೀಡಿ ರೂಪದಲ್ಲೇ 10 ಲಕ್ಷ ಪ್ರತಿ ಮಾರಾಟವಾದ ಮೊದಲ ಆಲ್ಬಮ್ ಅದು. ಆಮೇಲೆ ಒಂದು ವರ್ಷ ಊರೂರು ಸುತ್ತಿದರು. 1986ರ ಏಪ್ರಿಲ್‌ನಲ್ಲಿ ಸಿಡ್ನಿಯಲ್ಲಿ ಪ್ರವಾಸ ಮುಗಿಯುವಾಗ ಸುಮಾರು 250 ಕಾರ್ಯಕ್ರಮ ಆಗಿತ್ತು. ಬ್ಯಾಂಡಿನ ಹಾಡುಗಾರ, ಗಿಟಾರ್ ವಾದಕ ಮಾರ್ಕ್ ನಾಫ್ಲರ್‌ಗೆ ಸಾಕಾಗಿಹೋಯಿತು. 1988ರ ಜೂನ್‌ನಲ್ಲಿ ನೆಲ್ಸನ್ ಮಂಡೇಲಾ ಅವರ 70ನೇ ಹುಟ್ಟುಹಬ್ಬದ ಕಾರ್ಯಕ್ರಮಕ್ಕೆ ವೆಂಬ್ಲಿಯಲ್ಲಿ ಒಮ್ಮೆ ಸೇರಿದರು. ಅದೇ ಸೆಪ್ಟೆಂಬರ್‌ನಲ್ಲಿ ಬ್ಯಾಂಡ್ ಮುಗಿಯಿತು ಅಂತ ನಾಫ್ಲರ್ ಹೇಳಿಯೂ ಬಿಟ್ಟ.

ಮುಂದೆ ನಡೆದದ್ದೇ ಈ ಆಲ್ಬಮ್ಮಿನ ಬೀಜ. 1990ರಲ್ಲಿ ನಾಫ್ಲರ್ ಎರಡು ಚಿಕ್ಕ ಕೆಲಸ ಮಾಡಿದ. ಒಂದು, ಹಳೇ ಗೆಳೆಯರ ಜೊತೆ ನಾಟಿಂಗ್ ಹಿಲ್‌ಬಿಲ್ಲೀಸ್ ಅನ್ನುವ ಹೆಸರಿನಲ್ಲಿ ಅಮೆರಿಕದ ಹಳ್ಳಿಗಾಡಿನ ಧಾಟಿಯ ಹಾಡುಗಳು. ಇನ್ನೊಂದು, ಅಂಥ ಹಳ್ಳಿಗಾಡಿನ ಸಂಗೀತಕ್ಕೆ ಹೆಸರಾದ ಅಮೆರಿಕದ ಊರು ನ್ಯಾಶ್‌ವಿಲ್‌ನ ಹಿರಿಯ ಗಿಟಾರ್ ವಾದಕ ಚೆಟ್ ಆಟ್ಕಿನ್ಸ್ ಜೊತೆ ಕೂತು ನುಡಿಸಿದ ಒಂದಿಡೀ ಆಲ್ಬಮ್. ಎರಡರಲ್ಲೂ ಸ್ಟೇಡಿಯಂ ಇಲ್ಲ, ಗದ್ದಲ ಇಲ್ಲ. ವರಾಂಡದಲ್ಲಿ ಕೂತು ನುಡಿಸಿದ ಹಾಗಿದೆ. ಆ ಕಿವಿ ಇಟ್ಟುಕೊಂಡೇ ಅವನು 1990ರ ಕೊನೆಗೆ ಲಂಡನ್ನಿನ ಏರ್ ಸ್ಟುಡಿಯೋಗೆ ಬಂದ, ಬ್ಯಾಂಡಿನ ಹಳಬರಾದ ಜಾನ್ ಇಲ್ಸ್ಲಿ, ಅಲನ್ ಕ್ಲಾರ್ಕ್, ಗೈ ಫ್ಲೆಚರ್ ಜೊತೆ ಮತ್ತೆ ಡೈರ್ ಸ್ಟ್ರೇಟ್ಸ್ ಅನ್ನುವ ಹೆಸರಿನಲ್ಲಿ ಕೂತ. ಕೇಳುವವರು ಕಾದಿದ್ದು ‘ಬ್ರದರ್ಸ್’ನ ಎರಡನೇ ಭಾಗಕ್ಕೆ. ಅವನು ತಂದುಕೊಟ್ಟಿದ್ದು ಬೇರೆ ಏನನ್ನೋ.

ಬಂದ ಹೊತ್ತೂ ಸರಿಯಿರಲಿಲ್ಲ. 1991ರ ಸೆಪ್ಟೆಂಬರ್ 9ಕ್ಕೆ ಇದು ಅಂಗಡಿಗೆ ಬಂತು. ಹಿಂದಿನ ತಿಂಗಳಷ್ಟೇ ಮೆಟಾಲಿಕಾದ ಕಪ್ಪು ಆಲ್ಬಮ್ ಬಂದಿತ್ತು. ಎಂಟು ದಿನ ಬಿಟ್ಟು ಗನ್ಸ್ ಅಂಡ್ ರೋಸಸ್ ಒಂದೇ ಸಲಕ್ಕೆ ಎರಡು ಆಲ್ಬಮ್ ತಂದರು. ಸೆಪ್ಟೆಂಬರ್ 24ಕ್ಕೆ ನಿರ್ವಾಣ ಬ್ಯಾಂಡಿನ ‘ನೆವರ್‌ಮೈಂಡ್’. ಆ ಗದ್ದಲದ ರಾಕ್ ಗಾಳಿಯಲ್ಲಿ ನಲವತ್ತು ದಾಟಿದ ಒಬ್ಬ ಮನುಷ್ಯ ಮೆಲ್ಲಗೆ ಹಾಡಿದ್ದು ಯಾರಿಗೆ ಕೇಳಿಸಬೇಕು?

ನಮಗೆ ಇದು ಸಿಕ್ಕಿದ್ದು ಮೈಸೂರಿನ ಸರಸ್ವತಿಪುರಂನಲ್ಲಿ, ದೊಡ್ಡಪ್ಪನ ಮಗ ಅಣ್ಣನ ರೂಮಿನಲ್ಲಿ. ಕ್ಯಾಸೆಟ್ ತಂದ ದಿನ ಐದು ಜನ ಸೇರಿದ್ದೆವು. ಟೇಪ್ ರೆಕಾರ್ಡರ್ ಕಿಟಕಿಯ ಕಟ್ಟೆ ಮೇಲೆ, ನಾವು ಚಾಪೆ ಮೇಲೆ. ‘ಮನಿ ಫಾರ್ ನಥಿಂಗ್’ ಥರದ್ದು ಒಂದಾದರೂ ಬರುತ್ತೆ ಅಂತ ಮೊದಲ ಮಗ್ಗುಲು ಪೂರ್ತಿ ಕಾದೆವು. ಬರಲಿಲ್ಲ. ಕೊನೆಗೆ ಬಂದ ನಿಧಾನದ ಹಾಡಿನ ಹೊತ್ತಿಗೆ ಇಬ್ಬರು ಎದ್ದು ಹೋಗಿದ್ದರು. ಮಗುಚಿ ಹಾಕಿದರೆ ‘ಹೆವಿ ಫ್ಯೂಯೆಲ್’, ಸ್ವಲ್ಪ ಗಟ್ಟಿ ಗಿಟಾರ್ ಇತ್ತು. ಅದನ್ನೇ ಮೂರು ಸಲ ಹಾಕಿದೆವು, ಉಳಿದದ್ದನ್ನು ಕೇಳಲೇ ಇಲ್ಲ. ಅಣ್ಣ ಮಾತ್ರ ಆ ಕ್ಯಾಸೆಟ್ ಇಟ್ಟುಕೊಂಡ. ಅವನು ಕೆಲಸ ಸಿಕ್ಕಿ ಬೇರೆ ಊರಿಗೆ ಹೊರಟಾಗ ಅದು ನನ್ನ ಕೈಗೆ ಬಂತು. ಒಂದು ಮಳೆಗಾಲದ ರಾತ್ರಿ ಒಬ್ಬನೇ ಕೂತು ಪೂರ್ತಿ ಕೇಳಿದೆ. ಐದು ಜನ ಗಲಾಟೆ ಮಾಡಿಕೊಂಡು ಕೇಳಿದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

‘ಬ್ರದರ್ಸ್ ಇನ್ ಆರ್ಮ್ಸ್’ ಹಾಕಲೋ, ಇದನ್ನೋ?

ಹೆಚ್ಚಿನವರ ಪ್ರಶ್ನೆ ಇದೇ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

‘ಬ್ರದರ್ಸ್’ನಲ್ಲಿ 9 ಹಾಡು. ಕೆರಿಬಿಯನ್ ದ್ವೀಪ ಮಾಂಟ್‌ಸೆರಾಟ್‌ನ ಸ್ಟುಡಿಯೋದಲ್ಲಿ ಡಿಜಿಟಲ್ ಟೇಪಿನ ಮೇಲೆ ಮುದ್ರಿಸಿದ್ದು. ಶಬ್ದ ಕನ್ನಡಿ ಒರೆಸಿಟ್ಟ ಹಾಗೆ. ಮೊದಲ ಮಗ್ಗುಲಿನ ಒಂದೊಂದು ಹಾಡಿಗೂ ಒಂದು ಕೊಕ್ಕೆ ಇದೆ, ಕೇಳಿದ ತಕ್ಷಣ ಸಿಕ್ಕಿಹಾಕಿಕೊಳ್ಳುತ್ತೀರಿ. ‘ಯುವರ್ ಲೇಟೆಸ್ಟ್ ಟ್ರಿಕ್’ನ ಸ್ಯಾಕ್ಸೊಫೋನ್ ಗೊತ್ತಿಲ್ಲದವರು ಯಾರು? ಕೊನೆಯ ಹಾಡು, ಅದೇ ಆಲ್ಬಮ್ಮಿನ ಹೆಸರಿನದು, ನನಗೆ ಈಗಲೂ ರೋಮಾಂಚನ ತರುತ್ತದೆ. ಜೊತೆಗೆ ನಾಲ್ಕು ಜನ ಇದ್ದರೆ, ಕಾರಿನಲ್ಲಿ ಹೋಗುತ್ತಿದ್ದರೆ, ಮನೆಯಲ್ಲಿ ಕೆಲಸ ಮಾಡುತ್ತಾ ಕೇಳುವುದಾದರೆ, ಯೋಚನೆ ಬೇಡ, ‘ಬ್ರದರ್ಸ್’ ಹಾಕಿ.

ಆದರೆ ಅದನ್ನು ನೀವು ಕೇಳಿ ಕೇಳಿ ಬಾಯಿಪಾಠ ಮಾಡಿದ್ದೀರಿ. ಕಿವಿ ಈಗ ಅದನ್ನು ಕೇಳುವುದಿಲ್ಲ, ನೆನಪಿಸಿಕೊಳ್ಳುತ್ತದೆ ಅಷ್ಟೇ. ಇನ್ನೊಂದು, ಅದರಲ್ಲಿ ಎಂಬತ್ತರ ದಶಕದ ಕೀಬೋರ್ಡ್ ಜಾಸ್ತಿ. ‘ಆನ್ ಎವ್ರಿ ಸ್ಟ್ರೀಟ್’ನಲ್ಲಿ ಕೀಬೋರ್ಡ್ ಹಿಂದಕ್ಕೆ ಸರಿದಿದೆ, ಆ ಜಾಗಕ್ಕೆ ಪಾಲ್ ಫ್ರಾಂಕ್ಲಿನ್‌ನ ಪೆಡಲ್ ಸ್ಟೀಲ್ ಗಿಟಾರ್ ಬಂದಿದೆ. ಇದು ನ್ಯಾಶ್‌ವಿಲ್ ಕಡೆಯ ವಾದ್ಯ. ಮೇಜಿನ ಹಾಗೆ ಮಟ್ಟಸವಾಗಿ ನಿಂತಿರುತ್ತದೆ, ಎಡಗೈಯಲ್ಲಿ ಲೋಹದ ಕಡ್ಡಿ ತಂತಿಯ ಮೇಲೆ ಜಾರಿಸುತ್ತಾರೆ, ಕಾಲಲ್ಲಿ ಪೆಡಲ್ ಒತ್ತಿ ನುಡಿಯುತ್ತಿರುವ ತಂತಿಯ ಶ್ರುತಿಯನ್ನೇ ಏರಿಸಿ ಇಳಿಸುತ್ತಾರೆ. ಸ್ವರದಿಂದ ಸ್ವರಕ್ಕೆ ಜಾರುವುದು ನಮ್ಮ ಕಿವಿಗೆ ಹೊಸದಲ್ಲ. ಹಿಂದೂಸ್ತಾನಿಯ ಮೀಂಡ್, ಹಳೇ ಸಿನಿಮಾ ಹಾಡುಗಳ ಹವಾಯಿಯನ್ ಗಿಟಾರ್, ಇವೆಲ್ಲ ಕೇಳಿ ಬೆಳೆದವರಿಗೆ ಈ ವಾದ್ಯ ಪರಕೀಯ ಅನ್ನಿಸುವುದಿಲ್ಲ. ‘ಯೂ ಅಂಡ್ ಯುವರ್ ಫ್ರೆಂಡ್’ನಂಥ ನಿಧಾನದ ಹಾಡಿನಲ್ಲಿ ಗಿಟಾರ್ ಒಂದು ಮಾತು ಆಡಿದರೆ ಹಿಂದಿನಿಂದ ಇದು ಹ್ಞೂಂ ಅಂದ ಹಾಗಿರುತ್ತದೆ. ನಾವು ಐದು ಜನ ಚಾಪೆ ಮೇಲೆ ಕೂತಿದ್ದಾಗ ಇಬ್ಬರು ಎದ್ದು ಹೋಗಿದ್ದು ಇದೇ ಹಾಡಿಗೆ.

ಎರಡನೆಯ ವ್ಯತ್ಯಾಸ ಡ್ರಮ್ಸ್. ಇಲ್ಲಿ ಹೆಚ್ಚಿನ ಹಾಡಿಗೆ ನುಡಿಸಿದವನು ಟೋಟೋ ಬ್ಯಾಂಡಿನ ಜೆಫ್ ಪೊರ್ಕಾರೊ. ‘ಹೆವಿ ಫ್ಯೂಯೆಲ್’ ಮತ್ತು ‘ಪ್ಲಾನೆಟ್ ಆಫ್ ನ್ಯೂ ಆರ್ಲೀನ್ಸ್’ಗೆ ಫ್ರಾನ್ಸಿನ ಮನು ಕಾಟ್ಶೆ. ಮೊದಲ ಹಾಡು ‘ಕಾಲಿಂಗ್ ಎಲ್ವಿಸ್’ ಹಾಕಿ ಬರೀ ಡ್ರಮ್ಸ್ ಕೇಳಿ. ಜೋರಾಗಿ ಬೀಳುವ ಪೆಟ್ಟುಗಳ ನಡುವೆ ಕೋಲು ಚರ್ಮವನ್ನು ಸುಮ್ನೆ ಸವರಿಹೋದ ಹಾಗೆ ಸಣ್ಣ ಸಣ್ಣ ಪೆಟ್ಟುಗಳಿವೆ. ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. ಆ ಹಾಡು ಆರು ನಿಮಿಷ ಉರುಳುವುದೇ ಅವುಗಳ ಮೇಲೆ. ಪೊರ್ಕಾರೊ 1992ರ ಆಗಸ್ಟ್‌ನಲ್ಲಿ ತೀರಿಕೊಂಡ, ಬರೀ 38 ವರ್ಷ. ಇದು ಅವನ ಕೊನೆಯ ಕಾಲದ ಕೆಲಸಗಳಲ್ಲಿ ಒಂದು. ಇದೊಂದೇ ಕಾರಣಕ್ಕೂ ಡ್ರಮ್ಸ್ ಕಲಿಯುವ ಮಕ್ಕಳಿಗೆ ನಾನು ಈ ಆಲ್ಬಮ್ ಹೇಳುತ್ತೇನೆ.

ಇನ್ನು ಹೆಸರು ಹಾಡು, ‘ಆನ್ ಎವ್ರಿ ಸ್ಟ್ರೀಟ್’. ಐದು ನಿಮಿಷದ್ದು. ಶುರುವಿಗೆ ಪಿಯಾನೋ, ಅದರ ಪಕ್ಕ ನಾಫ್ಲರ್‌ನ ಎಂದಿನ ಮಾತಾಡಿದಂಥ ದನಿ. ಒಬ್ಬ ಮನುಷ್ಯ ಯಾರನ್ನೋ ಹುಡುಕುತ್ತಿದ್ದಾನೆ. ಎಲ್ಲಾದರೂ ಒಂದು ದಾಖಲೆ ಇರಬೇಕಲ್ಲ, ಯಾರಾದರೂ ನೋಡಿರಬೇಕಲ್ಲ ಅಂತ ಪತ್ತೇದಾರನ ಹಾಗೆ ಬೀದಿ ಬೀದಿ ಅಲೆಯುತ್ತಾನೆ. ಸಿಗುವುದಿಲ್ಲ. ಮಾತು ಮುಗಿಯುತ್ತದೆ. ಆಗ ಗಿಟಾರ್ ಒಂದು ಚಿಕ್ಕ ಸುತ್ತು ಹಿಡಿಯುತ್ತದೆ, ನಾಲ್ಕಾರು ಸ್ವರ ಅಷ್ಟೇ, ಅದನ್ನೇ ತಿರುತಿರುಗಿ ನುಡಿಸುತ್ತದೆ. ಡ್ರಮ್ಸ್ ಬಂದು ಸೇರುತ್ತದೆ. ಉಳಿದ ವಾದ್ಯಗಳು ಒಂದೊಂದಾಗಿ ಏರುತ್ತವೆ. ಆ ಸುತ್ತು ಮಾತ್ರ ಬದಲಾಗುವುದಿಲ್ಲ. ಹುಡುಕಾಟ ಹಾಡಿನಿಂದ ಹೊರಗೆ ಹೋಗಿ ಇನ್ನೂ ನಡೆಯುತ್ತಿದೆ ಅನ್ನಿಸುವಾಗ ಶಬ್ದ ಮೆಲ್ಲಗೆ ಕರಗುತ್ತದೆ. ಆ ಮಳೆಗಾಲದ ರಾತ್ರಿ ನಾನು ಈ ಭಾಗವನ್ನು ಮತ್ತೆ ಕೇಳಲು ಕ್ಯಾಸೆಟ್ ಹಿಂದಕ್ಕೆ ಓಡಿಸಿದ್ದು ಎಷ್ಟು ಸಲವೋ. ‘ಬ್ರದರ್ಸ್’ನಲ್ಲಿ ಇದಕ್ಕೆ ಸಮ ಅಂದರೆ ಅದರ ಕೊನೆಯ ಹಾಡೊಂದೇ, ಉಳಿದವು ಇಷ್ಟು ಆಳಕ್ಕೆ ಇಳಿಯುವುದಿಲ್ಲ ಅಂತ ನನ್ನ ಅಭಿಪ್ರಾಯ.

ತೂಕಕ್ಕೆ ಹಾಕಿದರೆ ಹೀಗೆ ಹೇಳಬಹುದು: ಹಾಡಿಗೆ ಹಾಡು ಲೆಕ್ಕ ಹಾಕಿದರೆ ‘ಬ್ರದರ್ಸ್’ ಗೆಲ್ಲುತ್ತದೆ. ನುಡಿಸಿದ ರೀತಿಗೆ, ಗಿಟಾರಿನ ಮಾತುಗಾರಿಕೆಗೆ ಕಿವಿ ಕೊಟ್ಟರೆ ‘ಆನ್ ಎವ್ರಿ ಸ್ಟ್ರೀಟ್’. ಇಪ್ಪತ್ತರ ವಯಸ್ಸಿಗೆ ಮೊದಲನೆಯದು, ನಲವತ್ತೈದಕ್ಕೆ ಎರಡನೆಯದು ಅಂತಲೂ ಅನ್ನಬಹುದು. ಆದರೆ ನನ್ನ ಅಕ್ಕನ ಮಗನಿಗೆ ಹತ್ತೊಂಬತ್ತಕ್ಕೇ ಎರಡನೆಯದು ಹಿಡಿಸಿದೆ, ಹಾಗಾಗಿ ವಯಸ್ಸಿನ ಮಾತು ಗಟ್ಟಿಯಾಗಿ ಹೇಳಲಾರೆ.

‘ಲವ್ ಓವರ್ ಗೋಲ್ಡ್’ ಇಷ್ಟಪಡುವವರಿಗೆ

1982ರ ಈ ಆಲ್ಬಮ್ಮಿನಲ್ಲಿ ಬರೀ ಐದು ಹಾಡು. ಅದರಲ್ಲೂ ‘ಟೆಲಿಗ್ರಾಫ್ ರೋಡ್’ ಒಂದೇ 14 ನಿಮಿಷ. ಖಾಲಿ ನೆಲದಲ್ಲಿ ಒಬ್ಬ ಗುಡಿಸಲು ಹಾಕುವುದರಿಂದ ಹಿಡಿದು ಊರು ಬೆಳೆದು, ಫ್ಯಾಕ್ಟರಿ ಬಂದು, ಮುಚ್ಚಿ, ಕೆಲಸ ಕಳೆದುಕೊಂಡವನು ಹೊರಡುವ ತನಕ ಒಂದೇ ಹಾಡಿನಲ್ಲಿ ಇದೆ. ಅಂಥ ದೊಡ್ಡ ಕಟ್ಟಡ ಬೇಕಾದವರಿಗೆ ‘ಆನ್ ಎವ್ರಿ ಸ್ಟ್ರೀಟ್’ ತೃಪ್ತಿ ಕೊಡುವುದಿಲ್ಲ, ಅದನ್ನು ಮುಚ್ಚಿಡುವುದು ಬೇಡ. ಇದರಲ್ಲಿ ಅತಿ ಉದ್ದದ ಹಾಡು ಅಂದರೆ ‘ಪ್ಲಾನೆಟ್ ಆಫ್ ನ್ಯೂ ಆರ್ಲೀನ್ಸ್’, ಅದೂ ಎಂಟು ನಿಮಿಷದೊಳಗೆ ಮುಗಿಯುತ್ತದೆ.

ಆದರೆ ಒಂದು ಜೋಡಿ ಪಕ್ಕಪಕ್ಕ ಇಟ್ಟು ಕೇಳಿ. ‘ಟೆಲಿಗ್ರಾಫ್ ರೋಡ್’ ಆದ ಮೇಲೆ ‘ಆನ್ ಎವ್ರಿ ಸ್ಟ್ರೀಟ್’ನ ‘ಐರನ್ ಹ್ಯಾಂಡ್’. ಇದು ಮೂರೇ ನಿಮಿಷದ್ದು. 1984ರ ಜೂನ್ 18ರಂದು ದಕ್ಷಿಣ ಯಾರ್ಕ್‌ಷೈರ್‌ನ ಆರ್‌ಗ್ರೀವ್‌ನಲ್ಲಿ ಮುಷ್ಕರ ಹೂಡಿದ್ದ ಕಲ್ಲಿದ್ದಲು ಗಣಿ ಕೆಲಸಗಾರರ ಮೇಲೆ ಪೊಲೀಸರು ಕುದುರೆ ನುಗ್ಗಿಸಿದ ಘಟನೆ ಈ ಹಾಡಿನ ವಸ್ತು. ನಾಫ್ಲರ್ ಹುಟ್ಟಿದ್ದು ಗ್ಲಾಸ್ಗೋದಲ್ಲಿ, ಬೆಳೆದಿದ್ದು ಗಣಿಗಳ ಸೀಮೆಯಾದ ಈಶಾನ್ಯ ಇಂಗ್ಲೆಂಡಿನಲ್ಲಿ, ಗಿಟಾರ್ ಹಿಡಿದು ಹೊಟ್ಟೆ ಹೊರೆಯುವ ಮೊದಲು ಯಾರ್ಕ್‌ಷೈರ್‌ನ ಲೀಡ್ಸ್‌ನಲ್ಲೇ ಪತ್ರಿಕೆಯೊಂದರ ಕಿರಿಯ ವರದಿಗಾರನಾಗಿದ್ದ. ಆ ವರದಿಗಾರ ಈ ಹಾಡಿನಲ್ಲಿ ಕಾಣುತ್ತಾನೆ. ಕಂಡಿದ್ದನ್ನು ಹೇಳುತ್ತಾನೆ, ದನಿ ಏರಿಸುವುದಿಲ್ಲ, ಘೋಷಣೆ ಕೂಗುವುದಿಲ್ಲ. ಅಬ್ಬರದ ಡ್ರಮ್ಸ್ ಇಲ್ಲ. ಹದಿನಾಲ್ಕು ನಿಮಿಷದಲ್ಲಿ ಒಂದು ಊರಿನ ನೂರು ವರ್ಷ ಹೇಳಿದವನು ಇಲ್ಲಿ ಮೂರು ನಿಮಿಷದಲ್ಲಿ ಒಂದು ದಿನವನ್ನು ಹೇಳಿದ್ದಾನೆ. ನನಗೆ ಈಗ ಚಿಕ್ಕದೇ ಹೆಚ್ಚು ನಾಟುತ್ತದೆ.

‘ಲವ್ ಓವರ್ ಗೋಲ್ಡ್’ನದೇ ‘ಪ್ರೈವೇಟ್ ಇನ್ವೆಸ್ಟಿಗೇಷನ್ಸ್’ನ ಕತ್ತಲೆ ಇಷ್ಟವಿದ್ದವರಿಗೆ ‘ಆನ್ ಎವ್ರಿ ಸ್ಟ್ರೀಟ್’ನ ‘ಫೇಡ್ ಟು ಬ್ಲ್ಯಾಕ್’ ಹೇಳುತ್ತೇನೆ. ಅದೇ ಹೆಸರಿನ ಮೆಟಾಲಿಕಾ ಹಾಡಿಗೂ ಇದಕ್ಕೂ ಸಂಬಂಧವಿಲ್ಲ, ಹುಡುಕುವಾಗ ಜೋಪಾನ. ಇದು ರಾತ್ರಿ ಹನ್ನೊಂದರ ಮೇಲೆ, ದೀಪ ಸಣ್ಣದು ಮಾಡಿ ಕೇಳುವ ಜಾಜ್ ಧಾಟಿಯ ಹಾಡು.

ಇನ್ನೊಂದು ಮೂಲೆಗುಂಪು: ‘ಕಮ್ಯುನಿಕೆ’

ಮರೆತುಹೋದ ಡೈರ್ ಸ್ಟ್ರೇಟ್ಸ್ ಬೇಕು ಅನ್ನುವವರಿಗೆ ಇದೂ ಒಂದು ದಾರಿ. 1979ರ ಎರಡನೇ ಆಲ್ಬಮ್. ಬಹಾಮಾಸ್‌ನ ನಸ್ಸಾವ್‌ನಲ್ಲಿ ಜೆರಿ ವೆಕ್ಸ್‌ಲರ್ ಮತ್ತು ಬ್ಯಾರಿ ಬೆಕೆಟ್ ಮಾಡಿಸಿದ್ದು. ವೆಕ್ಸ್‌ಲರ್ ಅಂದರೆ ರೇ ಚಾರ್ಲ್ಸ್, ಅರೀಥಾ ಫ್ರಾಂಕ್ಲಿನ್ ಜೊತೆ ಕೆಲಸ ಮಾಡಿದ ದೊಡ್ಡ ತಲೆ. ಮೊದಲ ಆಲ್ಬಮ್ ಬಂದು ವರ್ಷ ಕೂಡ ಆಗಿರಲಿಲ್ಲ, ಅದನ್ನೇ ಮತ್ತೆ ಮಾಡಿದ್ದಾರೆ ಅಂತ ಜನ ಮೂಗು ಮುರಿದರು. ನಿಜ, ಹೋಲುತ್ತದೆ. ಆದರೆ ಮೂಲ ನಾಲ್ಕು ಜನ ಕೂಡಿ ನುಡಿಸಿದ ಆ ಒಣ, ಹಗುರ ಶಬ್ದ, ಪಿಕ್ ವಿದರ್ಸ್‌ನ ಡ್ರಮ್ಸ್, ಮಾರ್ಕ್‌ನ ತಮ್ಮ ಡೇವಿಡ್‌ನ ರಿದಂ ಗಿಟಾರ್, ಇವೆಲ್ಲ ಒಟ್ಟಿಗೆ ಬೇಕಾದವರಿಗೆ ಸಿಗುವುದು ಮೊದಲ ಎರಡು ಆಲ್ಬಮ್ಮಿನಲ್ಲಿ ಮಾತ್ರ. ಡೇವಿಡ್ ಮೂರನೆಯದರ ಮುದ್ರಣದ ನಡುವೆಯೇ ಬಿಟ್ಟುಹೋದ. ‘ವೇರ್ ಡೂ ಯೂ ಥಿಂಕ್ ಯೂ ಆರ್ ಗೋಯಿಂಗ್’ ಒಂದಕ್ಕಾದರೂ ‘ಕಮ್ಯುನಿಕೆ’ ಕೇಳಬೇಕು. ನನ್ನ ಮಟ್ಟಿಗೆ ಅದು ಬೆಳಗಿನ ಆಲ್ಬಮ್, ಕಾಫಿಯ ಜೊತೆ. ‘ಆನ್ ಎವ್ರಿ ಸ್ಟ್ರೀಟ್’ ರಾತ್ರಿಯದು. ಒಂದರ ಬದಲಿಗೆ ಇನ್ನೊಂದಲ್ಲ.

ಸ್ಟುಡಿಯೋದ್ದೋ, ಲೈವೋ?

1991ರ ಆಗಸ್ಟ್‌ನಲ್ಲಿ ಡಬ್ಲಿನ್‌ನಲ್ಲಿ ಶುರುವಾದ ಪ್ರವಾಸ 1992ರ ಅಕ್ಟೋಬರ್ 9ರಂದು ಸ್ಪೇನಿನ ಸಾರಾಗೋಸಾದಲ್ಲಿ ಮುಗಿಯಿತು. ವೇದಿಕೆ ಮೇಲೆ ಒಂಬತ್ತು ಜನ. ಅದರ ಮುದ್ರಣವೇ 1993ರ ‘ಆನ್ ದ ನೈಟ್’, ಫ್ರಾನ್ಸಿನ ನೀಮ್‌ನ ಹಳೇ ರೋಮನ್ ಬಯಲು ರಂಗಮಂದಿರದಲ್ಲಿ ಮತ್ತು ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ರೆಕಾರ್ಡ್ ಆದದ್ದು. ಅದರ ಹತ್ತು ಹಾಡಿನಲ್ಲಿ ನಾಲ್ಕು ಈ ಆಲ್ಬಮ್ಮಿನವು. ‘ಕಾಲಿಂಗ್ ಎಲ್ವಿಸ್’ ಅಲ್ಲಿ ಹತ್ತು ನಿಮಿಷ ದಾಟುತ್ತದೆ, ಮಧ್ಯದಲ್ಲಿ ವಾದ್ಯಗಳ ಮಾತುಕತೆ ಚೆನ್ನಾಗಿದೆ. ‘ಯೂ ಅಂಡ್ ಯುವರ್ ಫ್ರೆಂಡ್’ ಲೈವ್ ಆಗಿಯೇ ಹೆಚ್ಚು ಒಳ್ಳೆಯದು, ಅದನ್ನು ಒಪ್ಪುತ್ತೇನೆ. ಮೊದಲು ಲೈವ್ ಕೇಳಿದವರಿಗೆ ಸ್ಟುಡಿಯೋದ್ದು ತಣ್ಣಗೆ ಅನ್ನಿಸುವ ಅಪಾಯವಿದೆ. ಹಾಗಾಗಿ ಮೊದಲು ಸ್ಟುಡಿಯೋ, ವಾರ ಬಿಟ್ಟು ಲೈವ್. ಬರೀ ಲೈವ್ ಕೇಳಿ ಬಿಟ್ಟರೆ ‘ಐರನ್ ಹ್ಯಾಂಡ್’, ‘ಪ್ಲಾನೆಟ್ ಆಫ್ ನ್ಯೂ ಆರ್ಲೀನ್ಸ್’ ಎರಡೂ ತಪ್ಪಿಹೋಗುತ್ತವೆ. ಹಾಗೆ ಕಳೆದುಕೊಳ್ಳಬೇಡಿ. ಇನ್ನು, 1983ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ ರೆಕಾರ್ಡ್ ಮಾಡಿದ ‘ಆಲ್ಕೆಮಿ’ ಇನ್ನೂ ಜೋರು, ಆದರೆ ಅದು ಬೇರೆ ಕಾಲದ, ಬೇರೆಯೇ ಹಸಿವಿದ್ದ ಬ್ಯಾಂಡು.

ಆ ಪ್ರವಾಸ ನಾಫ್ಲರ್‌ನ ಶಕ್ತಿಯನ್ನೆಲ್ಲ ಹೀರಿತು. 1995ರ ಹೊತ್ತಿಗೆ ಬ್ಯಾಂಡ್ ಪೂರ್ತಿ ಮುಗಿಯಿತು. 1996ರಲ್ಲಿ ಅವನ ಸ್ವಂತ ಹೆಸರಿನ ‘ಗೋಲ್ಡನ್ ಹಾರ್ಟ್’ ಬಂತು. ಅದನ್ನು ಕೇಳಿದ ಮೇಲೆ ‘ಆನ್ ಎವ್ರಿ ಸ್ಟ್ರೀಟ್’ಗೆ ವಾಪಸ್ ಬನ್ನಿ. ಅದೇ ಪಾಲ್ ಫ್ರಾಂಕ್ಲಿನ್, ಅದೇ ಗೈ ಫ್ಲೆಚರ್, ಶಬ್ದದ ಹೊಣೆ ಹೊತ್ತ ಚಕ್ ಏನ್ಲಿ ಕೂಡ ಎರಡರಲ್ಲೂ ಇದ್ದಾನೆ. ನಾನು ಹೇಳಬೇಕೆಂದಿದ್ದದ್ದು ಇದೇ: ಇದು ಡೈರ್ ಸ್ಟ್ರೇಟ್ಸ್‌ನ ಆರನೇ ಆಲ್ಬಮ್ ಅಂತ ಕೇಳಿದರೆ ಬೇಸರ ಆಗುತ್ತದೆ, ನಾಫ್ಲರ್‌ನ ಮೊದಲ ಸ್ವಂತ ಆಲ್ಬಮ್ ಅಂತ ಕೇಳಿದರೆ ಪ್ರತಿಯೊಂದೂ ಜಾಗಕ್ಕೆ ಬಂದು ಕೂರುತ್ತದೆ. 2005ರ ಮಾರ್ಚ್‌ನಲ್ಲಿ ಅವನು ಬೆಂಗಳೂರಿಗೆ ಬಂದಾಗ ನಾನೂ ಹೋಗಿದ್ದೆ. ಸುತ್ತ ಇದ್ದವರೆಲ್ಲ ‘ಸುಲ್ತಾನ್ಸ್’ಗೆ ಕೂಗುತ್ತಿದ್ದರು, ನಾನೂ ಕೂಗಿದೆ. ಆದರೆ ವೇದಿಕೆ ಮೇಲೆ ನಿಂತಿದ್ದ ಆ ನಿಧಾನದ, ಅವಸರವಿಲ್ಲದ ಮನುಷ್ಯನನ್ನು ನಾನು ಗುರುತು ಹಿಡಿದಿದ್ದು 1991ರ ಆ ಕ್ಯಾಸೆಟ್ಟಿನಿಂದ.

ಸೀಡಿ, ಎಲ್‌ಪಿ, ಮೊಬೈಲ್

ಈ ಆಲ್ಬಮ್ಮಿಗೆ ನಾನು ಸೀಡಿಯನ್ನೇ ಹೇಳುತ್ತೇನೆ. 12 ಹಾಡು, ಸರಿಯಾಗಿ ಒಂದು ಗಂಟೆ. 1991ರ ಎಲ್‌ಪಿಯಲ್ಲಿ ಇಷ್ಟನ್ನೂ ಒಂದೇ ತಟ್ಟೆಗೆ ತುರುಕಿದ್ದಾರೆ, ಮಗ್ಗುಲಿಗೆ ಮೂವತ್ತು ನಿಮಿಷ. ಎಲ್‌ಪಿಯಲ್ಲಿ ಹಾಡು ಜಾಸ್ತಿ ತುಂಬಿದಷ್ಟೂ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಶಬ್ದ ಸಣ್ಣದಾಗುತ್ತದೆ. ತಟ್ಟೆಯ ನಡುಭಾಗಕ್ಕೆ ಬರುತ್ತಾ ಸೂಜಿ ಪ್ರತಿ ಸುತ್ತಿಗೆ ಓಡುವ ದೂರವೂ ಕಡಿಮೆಯಾಗುತ್ತದೆ, ಒರಟು ಸೇರಿಕೊಳ್ಳುತ್ತದೆ. ಮೊದಲ ಮಗ್ಗುಲಿನ ಕೊನೆಗೆ ಯಾವ ಹಾಡಿದೆ ಗೊತ್ತಾ? ‘ಯೂ ಅಂಡ್ ಯುವರ್ ಫ್ರೆಂಡ್’. ಎರಡನೆಯದರ ಕೊನೆಯ ಹೊತ್ತಿಗೆ ‘ಪ್ಲಾನೆಟ್ ಆಫ್ ನ್ಯೂ ಆರ್ಲೀನ್ಸ್’. ಅತಿ ಸೂಕ್ಷ್ಮವಾದ ಹಾಡುಗಳೇ ಕೆಟ್ಟ ಜಾಗದಲ್ಲಿ ಕೂತಿವೆ. ನಾನು ಆನ್‌ಲೈನ್‌ನಲ್ಲಿ ಒಬ್ಬರಿಂದ ತರಿಸಿದ ಹಳೇ ಪ್ರತಿಯಂತೂ ಫೋಟೋದಲ್ಲಿ ಹೊಚ್ಚ ಹೊಸದರ ಹಾಗಿತ್ತು, ಬಂದಾಗ ಆ ಎರಡೂ ಹಾಡಿನ ಮೇಲೆ ಉದ್ದ ಗೀಚು. ದುಡ್ಡು ವಾಪಸ್ ಬರಲಿಲ್ಲ. ಎಲ್‌ಪಿಯೇ ಬೇಕೆಂದರೆ ಆಮೇಲೆ ಎರಡು ತಟ್ಟೆಯಲ್ಲಿ ಬಂದ ಮರುಮುದ್ರಣ ನೋಡಿ. ಅದರಲ್ಲಿ ಹಾಡುಗಳಿಗೆ ಉಸಿರಾಡಲು ಜಾಗ ಇದೆ.

‘ಬ್ರದರ್ಸ್’ಗೂ ಇದೇ ಥರದ ಇನ್ನೊಂದು ಎಚ್ಚರಿಕೆ: ಅದರ ಮೂಲ ಎಲ್‌ಪಿಯಲ್ಲಿ ಹಲವು ಹಾಡುಗಳನ್ನು ಕತ್ತರಿಸಿದ್ದಾರೆ, ಪೂರ್ತಿ ಇರುವುದು ಸೀಡಿ ಮತ್ತು ಕ್ಯಾಸೆಟ್‌ನಲ್ಲಿ.

ಮೊಬೈಲಿನಲ್ಲಿ ಕೇಳಿದರೂ ನಷ್ಟವಿಲ್ಲ, ಶಫಲ್ ಒಂದು ಆಫ್ ಮಾಡಿ. ಮೊಬೈಲ್ ಸ್ಪೀಕರ್ ಮಾತ್ರ ಬೇಡ. ಪೊರ್ಕಾರೊನ ಆ ಸಣ್ಣ ಪೆಟ್ಟುಗಳು ಅದರಲ್ಲಿ ಕೇಳಿಸುವುದೇ ಇಲ್ಲ.

ಎಲ್ಲಿಂದ ಶುರು ಮಾಡಲಿ?

ಹನ್ನೆರಡೂ ಹಾಡು ಒಂದೇ ಮಟ್ಟದವಲ್ಲ. ‘ಹೆವಿ ಫ್ಯೂಯೆಲ್’ ನಮಗೆ ಆಗ ಇಷ್ಟವಾಗಿದ್ದು ಅದು ‘ಮನಿ ಫಾರ್ ನಥಿಂಗ್’ನ ನೆರಳು ಅನ್ನುವ ಕಾರಣಕ್ಕೆ. ಈಗ ಅದೇ ಕಾರಣಕ್ಕೆ ನನಗೆ ಅದು ಬೇಡ. ‘ಮೈ ಪಾರ್ಟೀಸ್’ ದುಡ್ಡಿದ್ದವನ ಮನೆಯ ಔತಣದ ಬಗ್ಗೆ ಹಾಡು, ಒಂದು ಸಲಕ್ಕೆ ಸಾಕು. ‘ದ ಬಗ್’ ಚೆನ್ನಾಗಿದೆ, ಆದರೆ ಮೇರಿ ಚೇಪಿನ್ ಕಾರ್ಪೆಂಟರ್ 1992ರಲ್ಲಿ ಹಾಡಿದ್ದು ಇನ್ನೂ ಚುರುಕು. ಹತ್ತು ಹಾಡಿಗೆ ನಿಲ್ಲಿಸಿದ್ದರೆ ಈ ಆಲ್ಬಮ್ಮಿನ ಹಣೆಬರಹವೇ ಬೇರೆ ಇರುತ್ತಿತ್ತು ಅಂತ ನಾನು ನಂಬಿದ್ದೇನೆ. ‘ಟಿಕೆಟ್ ಟು ಹೆವನ್’ ಮಾತ್ರ ಬಿಡಬೇಡಿ. ಟೀವಿ ಪಾದ್ರಿಗೆ ಇದ್ದಬದ್ದ ಕಾಸು ಕಳಿಸುವ ಬಡವನ ಬಾಯಲ್ಲಿ ಇರುವ ಹಾಡು. ಅದರ ಪಿಟೀಲುಗಳನ್ನು ಸಂಯೋಜಿಸಿದ್ದು ಬೀಟಲ್ಸ್‌ನ ಆಲ್ಬಮ್‌ಗಳನ್ನು ಮಾಡಿಸಿದ ಜಾರ್ಜ್ ಮಾರ್ಟಿನ್. ಸಂಗೀತ ಅಷ್ಟು ಸಿಹಿ ಇರುವುದರಿಂದಲೇ ಆ ಬಡವನನ್ನು ನೆನೆದು ಕರುಳು ಚುರುಕ್ ಅನ್ನುತ್ತದೆ.

ಗೆಳೆಯನಿಗೆ ನಾನು ಕೊಟ್ಟ ಕ್ರಮ ಇದು. ಮೊದಲ ರಾತ್ರಿ ಬರೀ ನಾಲ್ಕು: ‘ಆನ್ ಎವ್ರಿ ಸ್ಟ್ರೀಟ್’, ‘ಫೇಡ್ ಟು ಬ್ಲ್ಯಾಕ್’, ‘ಐರನ್ ಹ್ಯಾಂಡ್’, ಆಮೇಲೆ ‘ಪ್ಲಾನೆಟ್ ಆಫ್ ನ್ಯೂ ಆರ್ಲೀನ್ಸ್’. ಕೊನೆಯದರಲ್ಲಿ ಕ್ರಿಸ್ ವೈಟ್‌ನ ಸ್ಯಾಕ್ಸೊಫೋನ್ ಬರುವ ತನಕ ಕಾಯಬೇಕು, ಅದು ಅವಸರದ ಹಾಡಲ್ಲ. ಎರಡನೇ ರಾತ್ರಿ ‘ಕಾಲಿಂಗ್ ಎಲ್ವಿಸ್’ನಿಂದ ‘ಹೌ ಲಾಂಗ್’ ತನಕ, ಇದ್ದ ಹಾಗೇ, ಬೇಡವೆನಿಸಿದ ಹಾಡನ್ನೂ ದಾಟಿಸದೆ.

ಅವನು ನಿನ್ನೆ ಮೆಸೇಜ್ ಹಾಕಿದ್ದ. ಎರಡನೇ ರಾತ್ರಿಗೆ ಇನ್ನೂ ಹೋಗಿಲ್ಲವಂತೆ. ಹೆಸರು ಹಾಡಿನ ಕೊನೆಯ ಆ ಗಿಟಾರ್ ಸುತ್ತಿಗೆ ನಾಲ್ಕು ದಿನದಿಂದ ಕೂತಿದ್ದಾನಂತೆ, ಬೆರಳು ಮತ್ತೆ ನೋಯುತ್ತಿದೆಯಂತೆ.